ತಡೆಹಿಡಿದ ಕಲಮು

ದ್ಯಾವಮ್ಮನಿಗೆ ಸಿಟ್ಟು ಬಂದರೆ ಊರೇ ದಾರಿ ಬಿಟ್ಟು ನಡೆಯುತ್ತಿತ್ತು. ಆದರೆ ೧೯೫೭ರ ಯುಗಾದಿಯ ಮರುದಿನ ಶಿರಸಿಯ ಮಾಮಲೇದಾರ ಕಚೇರಿಯಲ್ಲಿ ಬಂದ ಸಿಟ್ಟು ಬೇರೆಯೇ ತರಹದ್ದು. ಯಾರ ಮೇಲೆ ಬೀಳಬೇಕೆಂದು ಅದಕ್ಕೇ ತಿಳಿಯಲಿಲ್ಲ.

ಬನವಾಸಿ ಕಡೆ ಅವಳು ಮಾಡುತ್ತಿದ್ದ ಒಂದೂವರೆ ಎಕರೆ ಗದ್ದೆ ಚಂದ್ರಶೇಖರಪ್ಪ ಸಾವ್ಕಾರರದು. ಮಾವ ಉತ್ತ, ಗಂಡ ಉತ್ತ, ಅವನು ಸತ್ತ ಮೇಲೆ ಇವಳೇ ನೊಗ ಕಟ್ಟಿದಳು. ಬೆವರು ಇವರದು, ಗೇಣಿ ಅವರಿಗೆ. ಮುಂಬಯಿ ಸರ್ಕಾರ ಕಾಯ್ದೆ ಮಾಡಿತ್ತು: ಈ ಏಪ್ರಿಲ್ ಒಂದರಿಂದ ಗೇಣಿದಾರರೇ ಗದ್ದೆಯ ಒಡೆಯರು, ಬೆಲೆಯನ್ನು ಕಂತಿನಲ್ಲಿ ಕಟ್ಟಿದರಾಯಿತು. ಯುಗಾದಿಯೂ ಅದೇ ದಿನ ಬಿದ್ದಿತ್ತು. ದೇವರೇ ದಿನ ನೋಡಿ ಇಟ್ಟಿದ್ದಾನೆ ಎಂದುಕೊಂಡಿದ್ದಳು.

ಅದಕ್ಕೂ ಮೊದಲು, ನವೆಂಬರಿನಲ್ಲಿ, ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿತು. ಬನವಾಸಿಯಲ್ಲಿ ಮೆರವಣಿಗೆ. ಮುಂದೆ ಸಾವ್ಕಾರರು, ಹಿಂದೆ ಒಕ್ಕಲುಗಳು. ಕನ್ನಡದವರೆಲ್ಲ ಒಂದಾದೆವು ಎಂದು ದ್ಯಾವಮ್ಮನೂ ಗಂಟಲು ಹರಿಯುವಂತೆ ಜೈ ಎಂದಳು.

ಸಂಕ್ರಾಂತಿ ಹೊತ್ತಿಗೆ ಸಾವ್ಕಾರರೇ ಕರೆಸಿ, "ಕಾಯ್ದೆ ಬರೂದೈತಿ. ಅರ್ಧ ಗದ್ದಿ ನಿನ್ನ ಹೆಸರಿಗೆ ಬರದ್ ಕೊಡ್ತೀನಿ, ಉಳಿದರ್ಧ ಬಿಟ್ಟುಬಿಡು," ಅಂದಿದ್ದರು. ಅವಳು ನಕ್ಕುಬಿಟ್ಟಿದ್ದಳು. ಇಡೀ ರೊಟ್ಟಿ ಬರುವಾಗ ಅರ್ಧಕ್ಕೆ ಯಾರು ಕೈಯೊಡ್ಡುತ್ತಾರೆ?

ಈಗ ಕಚೇರಿಯ ಕಾರಕೂನ ಕಾಗದ ತಿರುವಿ, "ಕಾಯ್ದೆದಾಗಿನ ಆ ಒಡೆತನದ ಕಲಮು ತಡೆಹಿಡಿದಾರವ್ವ," ಅಂದ.

"ಯಾರು?"

"ಮೈಸೂರು ಸರ್ಕಾರ. ಮುಂಬಯಿ ಕಾಯ್ದೆ ನಡೀತೈತಿ, ಒಡೆತನದ ಕಲಮು ಮಾತ್ರ ಸದ್ಯಕ್ಕಿಲ್ಲ. ಇಡೀ ರಾಜ್ಯಕ್ಕ ಒಂದ ಹೊಸ ಕಾಯ್ದೆ ಮಾಡ್ತಾರಂತ. ಕೊಲ್ಹಾಪುರದ ಕಡೆ ಮುಂಬಯಿದಾಗೇ ಉಳೀತು, ಅಲ್ಲಿ ನಿನ್ನೆಯಿಂದ ಜಾರಿ."

"ಎರಡಕ್ಕೂ ಮೇಲೆ ದಿಲ್ಲಿ ಒಂದೇ ಅಲ್ವಾ ರಾಯರೇ?"

"ದಿಲ್ಲಿ ಒಂದೇ. ಆದರ ಭೂಮಿ ವಿಷಯ ರಾಜ್ಯದ್ದು, ಸಂವಿಧಾನದಾಗ ಹಂಗೈತಿ. ಯಾವ ರಾಜ್ಯದಾಗ ಇರ್ತೀಯೋ ಆ ರಾಜ್ಯದ ಕಾಯ್ದೆ."

"ನಾ ಎಲ್ಲಿಗೆ ಹೋಗಿದ್ದೆ? ನಾ ಗದ್ದೆಲೇ ಇದ್ದೆ! ಗೆರೆ ಎಳೆಯೋರಿಗೆ ನನ್ನ ಗದ್ದೆ ಕಾಣ್ಲಿಲ್ವಾ?"

ಕಚೇರಿಯೆಲ್ಲ ತಿರುಗಿ ನೋಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತು ಕಸಿದವನ ಮುಖವೂ ಕಾಣಲಿಲ್ಲ. ಜೈ ಎಂದ ತನ್ನ ಬಾಯಿಯ ಮೇಲೇ ಅವಳಿಗೆ ಹೇಸಿಗೆಯಾಯಿತು.

"ಹಂಗಾದ್ರೆ ಎಂತ ಉಳಿದಿದೆ, ಅದನ್ನಾದ್ರೂ ಓದಿ," ಎಂದು ನೆಲಕ್ಕೆ ಕೂತಳು.

ಏಳುವ ಲಕ್ಷಣ ಕಾಣದೆ ಕಾರಕೂನ ಓದಿದ. ಒಕ್ಕಲನ್ನು ಮನಸ್ಸಿಗೆ ಬಂದಂತೆ ಬಿಡಿಸುವಂತಿಲ್ಲ. ಗೇಣಿಯ ಹೊರತು ಕಾಣಿಕೆ, ಬಿಟ್ಟಿ ಕೆಲಸ ಏನನ್ನೂ ಕೇಳುವಂತಿಲ್ಲ. ಗೇಣಿ ಪಡೆದರೆ ಪಾವತಿ ಚೀಟಿ ಬರೆದು ಕೊಡಬೇಕು.

"ಗೇಣಿ ಭತ್ತ ಹೊತ್ತು ಅವರ ಮನೆಗೆ ಹಾಕೋದು?"

"ಹೊರಬೇಕು ಅಂತ ಎಲ್ಲೂ ಬರದಿಲ್ಲವ್ವ."

ಅಲ್ಲಿಂದ ನೇರ ಸಾವ್ಕಾರರ ಮನೆಗೆ ಹೋದಳು. "ಅರ್ಧ ಕೊಡ್ತೇನೆ ಅಂದಿದ್ರಲ್ಲ?"

"ಅದು ಆಗಿನ ಮಾತು," ಅಂದರು ಅವರು, ಎಲೆಗೆ ಸುಣ್ಣ ಹಚ್ಚುತ್ತಾ.

ಆ ವರ್ಷದ ಸುಗ್ಗಿಯಲ್ಲಿ ಉಳಿದ ಒಕ್ಕಲುಗಳು ಎಂದಿನಂತೆ ಚೀಲ ಹೊತ್ತು ಸಾವ್ಕಾರರ ಅಂಗಳಕ್ಕೆ ನಡೆದರು. ದ್ಯಾವಮ್ಮ ಗೇಣಿ ಭತ್ತವನ್ನು ಕಣದಲ್ಲೇ ರಾಶಿ ಹಾಕಿ ಕೂತಳು. ಎರಡು ದಿನ ಸಾವ್ಕಾರರ ಆಳು ಚೌಡ ಬಂದು ಬರಿಗೈಯಲ್ಲಿ ಹೋದ. ಮೂರನೆಯ ದಿನ ಅವನ ಜೊತೆ ಸಾವ್ಕಾರರೇ ಗಾಡಿ ಕಟ್ಟಿಸಿಕೊಂಡು ಬಂದರು.

"ಏನ ದ್ಯಾವಮ್ಮ, ಇಷ್ಟ ಸೊಕ್ಕ ಬಂತೇನು?"

"ಸೊಕ್ಕಲ್ಲ ಸಾವ್ಕಾರ್ರೇ, ಸಿಟ್ಟು. ಭತ್ತ ಇಲ್ಲಿದೆ, ಅಳೆದು ತಗಂಡು ಹೋಗಿ. ಪಾವತಿ ಬರೆದು ಕೊಡಿ."

"ನಿಮ್ಮ ಮಾವನ ಕಾಲದಿಂದ ಪಾವತಿ ಕೊಟ್ಟಿಲ್ಲ. ನಂಬಿಕಿ ಇಲ್ಲೇನು?"

"ನಂಬಿ ಕೆಟ್ಟಿದ್ದು ಸಾಕು. ಕಾಯ್ದೆಲಿ ಇದೆ, ಬರೀರಿ."

ಸಾವ್ಕಾರರು ಭತ್ತ ಅಳೆಸಿ, ಗಾಡಿಯ ಹಲಗೆಯ ಮೇಲೆ ಕಾಗದ ಇಟ್ಟು ಬರೆದು, ಓದಿ ಹೇಳಿದರು: "ಗೇಣಿದಾರಳಾದ ದ್ಯಾವಮ್ಮನಿಂದ..." ಆ ಮಾತು ಕಿವಿಗೆ ಬಿದ್ದಾಗ ಅವಳು ಹಲ್ಲು ಕಡಿದಳು.

"ಈಗಾರ ತಣ್ಣಗಾತೇನು?"

"ಇಲ್ಲ. ಮುಂದಿನ ವರ್ಷವೂ ನೀವೇ ಬರ್ಬೇಕು. ಗದ್ದೆ ನಂದಾಗೋ ತನಕ ಬರ್ತಾ ಇರಿ."

ಅಳೆದು ತುಂಬಿದ ಚೀಲ ಗಾಡಿಗೇರಿಸಲು ಇನ್ನೊಂದು ಜೊತೆ ಕೈ ಬೇಕಿತ್ತು. ಚೌಡ ಅವಳ ಕಡೆ ನೋಡಿದ. ದ್ಯಾವಮ್ಮ ಅಲ್ಲಾಡಲಿಲ್ಲ. ಕೊನೆಗೆ ಚಂದ್ರಶೇಖರಪ್ಪನವರು ಹೆಗಲ ಶಲ್ಯ ತೆಗೆದಿಟ್ಟು ಚೀಲದ ಒಂದು ತುದಿ ಹಿಡಿದರು. ಒಂದೊಂದಾಗಿ ಚೀಲಗಳೆಲ್ಲ ಏರಿದವು. ಅವಳ ಸಿಟ್ಟು ಮಾತ್ರ ಗುಲಗಂಜಿಯಷ್ಟೂ ಇಳಿಯಲಿಲ್ಲ.