ಹುಲ್ಲುಹಾಸಿನ ಮುಟ್ಟಿದರೆ ಮುನಿ

"ಏನೇ, ಸೊಂಟ ಬಿದ್ದುಹೋಯ್ತಾ? ಬೇರು ಸಮೇತ ಕೀಳು ಅಂದ್ರೆ ತಲೆ ಸವರ್ತಾ ಕೂತಿದೀಯಲ್ಲ, ಮುಂಡೇದೇ."

ಮೇಸ್ತ್ರಿ ಬೈದದ್ದು ಅತ್ತಿಗೆಯ ಪಕ್ಕ ಕೂತಿದ್ದ ನಾದಿನಿಗೆ. ಹೋಟೆಲಿನ ಹುಲ್ಲುಹಾಸಿನ ತುಂಬ ಮುಟ್ಟಿದರೆ ಮುನಿ ಹಬ್ಬಿತ್ತು. ಸಂಜೆಯ ಪಾರ್ಟಿಯ ಹೊತ್ತಿಗೆ ಒಂದು ಮುಳ್ಳೂ ಉಳಿಯಬಾರದು. ಐದು ಜನ ಹೆಂಗಸರು ಬೆಳಗಿನಿಂದ ಕುಕ್ಕರುಗಾಲಲ್ಲಿ ಕೂತು ಬರಿಗೈಲಿ ಕೀಳುತ್ತಿದ್ದರು. ಕೈಗವಸು ಕೇಳಿದ್ದಕ್ಕೆ ಮೇಸ್ತ್ರಿ, "ನಿಮ್ಮ ಅಂಗೈ ಕಂಡ್ರೆ ಮುಳ್ಳೇ ಹೆದರ್ತದೆ" ಎಂದು ನಕ್ಕಿದ್ದ. ನಿನ್ನೆ ಚುಚ್ಚಿದ ಮುಳ್ಳಿಗೆ ನಾದಿನಿಯ ಹೆಬ್ಬೆರಳು ಬದನೆಕಾಯಿಯಂತೆ ಊದಿತ್ತು.

"ಅತ್ತಿಗೆ, ಮುಟ್ಟಿದ ಕೂಡ್ಲೆ ಸತ್ತ ಹಾಗೆ ನಾಟಕ ಆಡ್ತದಲ್ಲ ಇದು."

"ಥೇಟ್ ನಿಮ್ಮಣ್ಣ. ಕೆಲಸ ಅಂದ್ರೆ ಸಾಕು, ಹಿಂಗೇ ಮಲಗೋದು."

ಐವರೂ ನಕ್ಕರು.

ಅಷ್ಟರಲ್ಲಿ ಹೋಟೆಲಿನ ಯಜಮಾನರು ಇಬ್ಬರು ಅತಿಥಿಗಳನ್ನು ಕರೆದುಕೊಂಡು ಬಂದರು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಕಿತ್ತು ಹಸನಾದ ಹುಲ್ಲಿನ ಮೇಲೆ ಮೂವರೂ ಬರಿಗಾಲಲ್ಲಿ ನಡೆದರು. ಒಬ್ಬ ಅತಿಥಿಗೆ ಆ ಗಿಡ ಕುಂಡದಲ್ಲಿ ಬೇಕೆನಿಸಿತು.

"ಏಯ್, ಒಂದು ಬುಡ ಎತ್ತಿಕೊಡು" ಎಂದರು ಯಜಮಾನರು.

ನಾದಿನಿ ಜಗ್ಗಿದಳು. ಬೆರಳು ಒಡೆದು ಕೀವು ಯಜಮಾನರ ಪಾದದ ಮೇಲೆ ಬಿತ್ತು.

"ಥೂ, ಗಲೀಜು. ಇಂಥವರನ್ನ ಯಾಕೋ ಮೇಸ್ತ್ರಿ ಒಳಗೆ ಬಿಟ್ಟೆ? ಆಚೆ ಹಾಕು ಇವಳನ್ನ."

ನಾದಿನಿ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅತ್ತಿಗೆ ಎದ್ದಳು. ಕಿತ್ತ ಮುಳ್ಳುಗಿಡ ತುಂಬಿದ ಬುಟ್ಟಿಯನ್ನು ಯಜಮಾನರ, ಅತಿಥಿಗಳ ಸುತ್ತ ಸುರಿಯುತ್ತ ಹೋದಳು. ಉಳಿದವರ ಬುಟ್ಟಿಗಳೂ ಬರಿದಾದವು. ಮೂವರು ದೊಡ್ಡವರು ಮುಳ್ಳಿನ ನಡುವೆ ಕೊಕ್ಕರೆಗಳಂತೆ ನಿಂತರು. ಮೇಸ್ತ್ರಿ ಮುಂದೆ ಬಂದ. ಮೂವರು ಹೆಂಗಸರು ಕೈತುಂಬ ಮುಳ್ಳು ಹಿಡಿದು ಎದುರಾದರು. ಅವನು ಅಲ್ಲೇ ನಿಂತ.

ಅತ್ತಿಗೆ ಆರೂ ಚಪ್ಪಲಿಗಳನ್ನು ಬುಟ್ಟಿಗೆ ಹಾಕಿಕೊಂಡಳು.

"ನಮ್ಮ ಹುಡುಗೀನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ಕಾರು ಹೇಳಿ."

"ನಿನ್ನ ಸೊಕ್ಕು ಮುರೀತೀನಿ."

"ಬನ್ನಿ, ಮುರೀರಿ."

ಯಜಮಾನರು ಒಂದು ಹೆಜ್ಜೆ ಇಟ್ಟರು, ಹಲ್ಲು ಕಚ್ಚಿ ಕಾಲು ಎತ್ತಿದರು. ಅತಿಥಿಯೊಬ್ಬ, "ಕಳಿಸ್ರೀ ಮಾರಾಯ್ರೇ, ನನ್ನ ಕಾಲು ಸೋತುಹೋಯ್ತು" ಎಂದ. ಯಜಮಾನರು ಡ್ರೈವರನನ್ನು ಕೂಗಿದರು.

ಮಣ್ಣುಗಾಲಿನ ಐವರೂ ಬಿಳಿ ಸೀಟಿನ ಮೇಲೆ ಒತ್ತಿಕೊಂಡು ಕೂತರು. ಕಾರು ಗೇಟು ದಾಟಿತು. ನಾದಿನಿ ಬುಟ್ಟಿಯೊಳಗೆ ಇಣುಕಿದಳು.

"ಅತ್ತಿಗೆ, ಇವು?"

"ವಾಪಸ್ ಬಂದ್ಮೇಲೆ ಕೊಟ್ರಾಯ್ತು. ಎಲ್ಲಿಗೆ ಹೋಗ್ತಾರೆ?"