ಮಳೆನೀರಿನಲ್ಲಿ ಮೀಸೆ

ನನ್ನ ತಂಗಿ ಅಭಿನಯಾ ಸಾಕಿದ ಪ್ರಾಣಿಗಳು ಬೊಗಳುವುದಿಲ್ಲ, ಹಾಲು ಕೊಡುವುದೂ ಇಲ್ಲ. ಎಳ್ಳುಕಾಳಿನಷ್ಟೂ ಇಲ್ಲದ ಅವುಗಳ ಹೆಸರು ಡಾಫ್ನಿಯಾ. ಕುಪ್ಪಳಿಸಿ ಈಜುವುದರಿಂದ ನೀರುಚಿಗಟ ಎಂದೂ ಕರೆಯುತ್ತಾರೆ. ತಮಿಳುನಾಡಿನ ಪಲ್ಲಡಂ ಹತ್ತಿರ, ಕನ್ನಡ ಮಾತಾಡುವ ನಮ್ಮ ಮನೆಯಲ್ಲಿ, ಪವರ್‌ಲೂಮ್ ಶೆಡ್ಡಿಗೆ ಅಂಟಿದ ಕೋಣೆಯಲ್ಲಿ, ಇಪ್ಪತ್ತು ಗಾಜಿನ ಲೋಟಗಳಲ್ಲಿ ಅವು ಸಂಸಾರ ಹೂಡಿದ್ದವು.

ಅಭಿನಯಾ ಕೊಯಮತ್ತೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ ಓದುತ್ತಿದ್ದಾಳೆ. ನಾನು ನವನೀತನ್, ಬಿ.ಕಾಂ ಮುಗಿಸಿ ಮಗ್ಗ ನೋಡಿಕೊಳ್ಳುವವನು. ಊರಿನವರ ದನಿಗಳನ್ನು ಅಣಕಿಸುವುದು ನನ್ನ ಉಪಕಸುಬು.

ಹತ್ತು ಲೋಟಗಳಲ್ಲಿ ಲಿಂಗಪ್ಪನ್ ಮಾಮನ ಬಾವಿಯ ನೀರು. ಉಳಿದ ಹತ್ತರಲ್ಲಿ, ಹೋಲಿಸಿ ನೋಡಲೆಂದು, ನಮ್ಮ ಸಿಮೆಂಟ್ ತೊಟ್ಟಿಯಲ್ಲಿ ಹಿಡಿದಿಟ್ಟು ಒಂದಿಷ್ಟು ಲವಣ ಬೆರೆಸಿದ ಮಳೆನೀರು. ಮಾಮನಿಗೆ ಕೋಳಿ ಫಾರಂ ಇದೆ. ಗೊಬ್ಬರಕ್ಕೆ ನೊಣ ಮುತ್ತದಂತೆ ಅವರು ಎರಚುವ ಔಷಧ ಇಳಿದು ಬಾವಿ ಸೇರಿದೆಯೇ ಎಂಬುದು ಪ್ರಶ್ನೆ. ಆ ಬಾವಿಯಿಂದ ಇಪ್ಪತ್ತು ಮನೆಗಳಿಗೆ ಪೈಪು ಹೋಗುತ್ತದೆ. ಅಭಿನಯಾಳ ವರದಿ ಕೆಟ್ಟದಾಗಿ ಬಂದರೆ ಶುಕ್ರವಾರವೇ ಪೈಪು ಮುಚ್ಚುತ್ತೇವೆಂದು ಪಂಚಾಯತಿಯವರು ಹೇಳಿದ್ದರು.

ಪರೀಕ್ಷೆ ಸರಳ. ನೀರು ಚೆನ್ನಾಗಿದ್ದು ಹೊಟ್ಟೆ ತುಂಬಿದ್ದರೆ ಡಾಫ್ನಿಯಾ ಗಂಡಿನ ಹಂಗೇ ಇಲ್ಲದೆ ಹೆಣ್ಣುಮರಿಗಳನ್ನೇ ಹೆರುತ್ತದೆ. ಕೀಟಗಳ ಹಾರ್ಮೋನನ್ನು ಹೋಲುವ ರಾಸಾಯನಿಕವೇನಾದರೂ ನೀರಿಗೆ ಬೆರೆತರೆ ಗಂಡುಮರಿಗಳು ಹುಟ್ಟತೊಡಗುತ್ತವೆ.

“ಗಂಡು ಬಂತೋ, ಗಂಡಾಂತರ ಬಂತು,” ಎಂದೆ ನಾನು. ಅಭಿನಯಾ ನಗಲಿಲ್ಲ. ನಕ್ಕವಳು ಅಮ್ಮಾಯಿ, ನಮ್ಮ ತಾಯಿಯ ತಾಯಿ ಪೊನ್ನಮ್ಮ.

“ಏನ್ ಮಗಾ ಇದು! ನಮ್ಮೋರಲ್ಲಿ ಗಂಡು ಹುಟ್ಟುದ್ರೆ ಬೀದಿಗೆಲ್ಲಾ ಸಕ್ಕರೆ ಹಂಚ್ತಿದ್ರು. ಐದ್ ಹೆಣ್ಣು ಹೆತ್ತೆ ನಾನು, ಒಂದ್ ಚಿಟಿಕೆ ಸಕ್ಕರೆ ಕಾಣ್ಲಿಲ್ಲ. ಇದು ಆಗ್ಲೇ ಗೊತ್ತಿದ್ರೆ ನಮ್ಮ ಅತ್ತೆ ಬಾಯಿ ಮುಚ್ಚುಸ್ತಿದ್ದೆ!”

ಅಮ್ಮಾಯಿ ಐವತ್ತು ವರ್ಷ ನೇಯ್ದವಳು. ಅಂಗುಲಕ್ಕೆ ಎಷ್ಟು ಎಳೆ ಎಂದು ಎಣಿಸುವ ಮಡಿಚುವ ಭೂತಗಾಜು ಈಗಲೂ ಅವಳ ಸೊಂಟದಲ್ಲಿರುತ್ತದೆ. ನಾಲ್ಕು ದಿನದ ಮರಿಗಳನ್ನು ಅದರಡಿ ಹಿಡಿದು ನೋಡಲು ಅವಳು ಬೇಗ ಕಲಿತಳು. ಗಂಡಿನ ಮೂತಿಯ ಬಳಿ ಉದ್ದನೆಯ ಎಳೆಯೊಂದು ಚಾಚಿಕೊಂಡಿರುತ್ತದೆ. ಅದಕ್ಕೆ ಅಮ್ಮಾಯಿ ಇಟ್ಟ ಹೆಸರು ಮೀಸೆ.

ಸೋಮವಾರ ಬೆಳಿಗ್ಗೆ ಅವಳು ಕೂಗಿದಳು. “ಪಾಪಾ, ಮೀಸೆ ಬಂದೈತೆ!”

ಅಭಿನಯಾ ಓಡಿ ಬಂದಳು. “ಮಾಮನ ಲೋಟದಲ್ಲಾ?”

“ಇಲ್ಲ. ನಮ್ದ್ರಲ್ಲಿ.”

ಮಳೆನೀರಿನ ಹತ್ತೂ ಲೋಟಗಳಲ್ಲಿ ಗಂಡುಗಳಿದ್ದವು. ಬಾವಿನೀರಿನಲ್ಲಿ ಒಂದೂ ಇಲ್ಲ. ಕಾಲೇಜಿನ ಸೂಕ್ಷ್ಮದರ್ಶಕವೂ ಅಮ್ಮಾಯಿಯ ಮಾತನ್ನೇ ಒಪ್ಪಿತು.

ಮಂಗಳವಾರ ಸಂಜೆ ಅಭಿನಯಾಳ ಪ್ರೊಫೆಸರ್ ಚಿನ್ನಸಾಮಿ ಫೋನಿನಲ್ಲಿ ತಮಿಳಿನಲ್ಲೇ ತೀರ್ಪು ಕೊಟ್ಟರು. ಮಳೆನೀರು ಕೆಡುವುದು ಹೇಗಮ್ಮಾ? ಲೋಟಗಳ ಚೀಟಿಗಳು ಅದಲುಬದಲಾಗಿವೆ. ಸರಿಪಡಿಸಿ ವರದಿ ಕಳಿಸು.

ಚೀಟಿ ಅಂಟಿಸಿದವನು ನಾನು. ಅಭಿನಯಾ ನನ್ನನ್ನೇ ನೋಡಿದಳು. “ಬದ್ಲಾಯ್ಸಿ ಅಂಟಿಸ್ದೆಯೇನ್ಡಾ?”

‘ಹೂಂ’ ಎಂದಿದ್ದರೆ ಮುಗಿಯುತ್ತಿತ್ತು. ಚಿಕ್ಕ ತಪ್ಪು, ಚಿಕ್ಕ ಬೈಗುಳ. ಆದರೆ ಅಷ್ಟು ಹೊತ್ತಿಗೆ ಲಿಂಗಪ್ಪನ್ ಮಾಮ ಬಾಗಿಲಲ್ಲಿ ಬಂದು ನಿಂತಿದ್ದರು. ಹೆರಿಗೆ ಕೋಣೆಯ ಹೊರಗೆ ಕಾಯುವವರ ಮುಖ. ನಾನು ‘ಹೂಂ’ ಎಂದರೆ ಆ ಗಂಡುಗಳೆಲ್ಲ ಅವರ ಬಾವಿಯ ಪಾಲಾಗುತ್ತಿದ್ದವು.

“ಏನ್ ಮಗಾ, ನಮ್ಮ ಬಾವಿಗೆ ಗಂಡಾ, ಹೆಣ್ಣಾ?”

ನಾನು ತೊಟ್ಟಿಯ ಹತ್ತಿರ ಹೋದೆ. ಪರೀಕ್ಷೆ ಶುರುವಾಗುವ ಎರಡು ದಿನ ಮುಂಚೆ ತೊಟ್ಟಿಯಲ್ಲಿ ಸೊಳ್ಳೆಮರಿಗಳು ತೇಲುತ್ತಿದ್ದವು. ತೊಟ್ಟಿಗೆ ಸೋಪು ಹಾಕಬಾರದು, ಉಜ್ಜಬಾರದು ಎಂದು ಅಭಿನಯಾ ಹೇಳಿದ್ದಳು. ನಾನು ಸೋಪು ಹಾಕಲಿಲ್ಲ, ಉಜ್ಜಲೂ ಇಲ್ಲ. ಅಮ್ಮಾಯಿಗೆ ಸೊಳ್ಳೆಗಳು ಕಚ್ಚುತ್ತವೆಂದು ಅಂಗಡಿಯಿಂದ ಸೊಳ್ಳೆಮದ್ದಿನ ಹರಳು ತಂದು ಸುರಿದಿದ್ದೆ. ಖಾಲಿ ಪೊಟ್ಟಣ ಇನ್ನೂ ಗೋಡೆಯ ಸಂದಿನಲ್ಲೇ ಇತ್ತು. ಹಿಂದೆ ಸಣ್ಣ ಅಕ್ಷರಗಳಲ್ಲಿ ಏನಿದೆಯೆಂದು ಮೊದಲ ಸಲ ಓದಿದೆ. ಈ ಹರಳು ಕೀಟದ ಹಾರ್ಮೋನಿನಂತೆ ನಟಿಸಿ ಸೊಳ್ಳೆಮರಿ ದೊಡ್ಡದಾಗದಂತೆ ತಡೆಯುತ್ತದಂತೆ. ನನ್ನದೇ ಕಸುಬಿನ ಔಷಧ! ಸೊಳ್ಳೆಯ ಮುಂದೆ ಮಾಡಬೇಕಾದ ಅಣಕವನ್ನು ಡಾಫ್ನಿಯಾದ ಮುಂದೂ ಮಾಡಿಬಿಟ್ಟಿತ್ತು.

ಒಳಗೆ ಬಂದು ಚಿನ್ನಸಾಮಿಯವರ ದನಿಯಲ್ಲಿ ಶುರುಮಾಡಿದೆ. “ಎನ್ನಮ್ಮಾ, ಆ ತೊಟ್ಟಿಗೆ ಯಾರೋ ಒಬ್ಬ ಅಧಿಕಪ್ರಸಂಗಿ...”

ಮಾಮ ಕಿಸಕ್ಕೆಂದರು. ಅಭಿನಯಾಳ ಮುಖದಲ್ಲಿ ಏನೂ ಅಲುಗಲಿಲ್ಲ. “ನಿನ್ ದನೀಲಿ ಹೇಳ್ಡಾ.”

ನನ್ನ ದನಿಯಲ್ಲಿ ಹೇಳಿದೆ. ಎರಡೇ ವಾಕ್ಯಕ್ಕೆ ಮುಗಿಯಿತು. ಪೊಟ್ಟಣ ಕೊಟ್ಟೆ. ಅವಳು ಎರಡು ಸಲ ಓದಿದಳು.

“ಎಷ್ಟ್ ಹಾಕ್ದೆ?”

“ಎರಡ್ ಸ್ಪೂನ್.”

“ತೊಟ್ಟೀಲಿ ನೀರೆಷ್ಟಿತ್ತು?”

“ಅರ್ಧ.”

ಅವಳು ಬರೆದುಕೊಂಡಳು. ಬೈದಿದ್ದರೆ ಹಗುರಾಗುತ್ತಿತ್ತು.

ಮಾಮ ಕೋಳಿಯಂತೆ ಕತ್ತು ಮುಂದೆ ಚಾಚಿದರು. “ಅಂದ್ರೆ, ಎರಡ್ ಸ್ಪೂನನ್ನ ಕಂಡುಹಿಡಿಯೋ ಪ್ರಾಣಿ ನಮ್ಮ ಬಾವೀಲಿ ಏನೂ ಹಿಡೀಲಿಲ್ಲ. ನಮ್ಮ ನೀರು ಒಳ್ಳೇದು ಅಂತ ಬರ್ದುಬಿಡು ಮಗಾ.”

“ಆಗಲ್ಲ ಮಾಮ. ಹೋಲ್ಸಕ್ಕೆ ಇಟ್ಟಿದ್ದ ನೀರೇ ಕೆಟ್ಟೋಯ್ತು. ಈಗ ಒಳ್ಳೇದು ಅಂತ ಬರಿಯಕ್ಕಾಗಲ್ಲ, ಕೆಟ್ಟದು ಅಂತ ಬರಿಯಕ್ಕೂ ಆಗಲ್ಲ. ಮೂರ್ ವಾರ ಬೇಕು.”

ಅವಳು ಪ್ರೊಫೆಸರಿಗೆ ಫೋನ್ ಮಾಡಿ ಚೀಟಿಗಳು ಸರಿಯಾಗಿವೆ, ತಪ್ಪು ತೊಟ್ಟಿಯದು ಎಂದಳು. ತೊಟ್ಟಿಯದು ಎಂದಳು, ಅಣ್ಣನದು ಎನ್ನಲಿಲ್ಲ. ಪಂಚಾಯತಿಗೂ ನಡೆದದ್ದನ್ನೇ ಬರೆದುಕೊಟ್ಟಳು. ಅವರು ಗೊಣಗಿದರು, ಪೈಪು ಮುಚ್ಚಲಿಲ್ಲ.

ಈ ಸಲ ಮೂವತ್ತು ಲೋಟ. ಬಾವಿಯದು ಹತ್ತು, ಕಾಲೇಜಿನಿಂದ ಕ್ಯಾನಿನಲ್ಲಿ ತಂದ ನೀರಿನದು ಹತ್ತು, ಮದ್ದಿದ್ದರೆ ಗಂಡು ಹುಟ್ಟುವುದು ಖಾತ್ರಿಯಾಗಲೆಂದು ಅದೇ ಹರಳು ಬೆರೆಸಿದ್ದು ಹತ್ತು. ಕೊನೆಯ ಹತ್ತಕ್ಕೆ ಅಭಿನಯಾ ತಾನೇ ಚೀಟಿ ಅಂಟಿಸಿದಳು. ಅದರ ಮೇಲೆ ತಮಿಳಿನಲ್ಲಿ ‘ನವನೀತನ್’ ಎಂದಿತ್ತು. ನೀರು ಬದಲಿಸುವುದು, ಪಾಚಿ ಉಣಿಸುವುದು, ಮರಿ ಎಣಿಸುವುದು ಎಲ್ಲ ನನ್ನ ಪಾಲು. ಹನ್ನೆರಡನೆಯ ದಿನ ಅಮ್ಮಾಯಿ ಭೂತಗಾಜನ್ನು ನನ್ನ ಕೈಗಿಟ್ಟಳು. “ನೋಡ್ಕೋ, ನಿನ್ ವಂಶ. ಬರೀ ಮೀಸೆ.”

ಇಪ್ಪತ್ತೊಂದನೆಯ ದಿನ ಎಣಿಕೆ ಮುಗಿಯಿತು. ಕಾಲೇಜಿನ ನೀರಿನಲ್ಲಿ ಗಂಡಿಲ್ಲ. ಬಾವಿಯ ನೀರಿನಲ್ಲೂ ಇಲ್ಲ. ಅಭಿನಯಾ ವರದಿಗೆ ಸಹಿ ಹಾಕಿದ ಮಧ್ಯಾಹ್ನವೇ ಮಾಮ ಸಕ್ಕರೆಯ ಡಬ್ಬಿ ಹಿಡಿದು ಹೊರಟರು. ಪೈಪು ಹೋಗುವ ಇಪ್ಪತ್ತು ಮನೆಗಳ ಮುಂದೆಯೂ ನಿಂತು, “ಹೆಣ್ಣು! ಎಲ್ಲಾ ಹೆಣ್ಣು!” ಎಂದು ಕೂಗಿ ಹಂಚಿದರು. ಕೊನೆಗೆ ನಮ್ಮ ಮನೆಗೆ ಬಂದರು.

ಅಮ್ಮಾಯಿ ಒಂದು ಚಿಟಿಕೆ ನಾಲಗೆಗೆ ಹಾಕಿಕೊಂಡು, ಕರಗುವವರೆಗೆ ಕಣ್ಣು ಮುಚ್ಚಿ ಕೂತಳು. ಆಮೇಲೆ ಮತ್ತೆ ಕೈ ಚಾಚಿದಳು.

“ಇನ್ನ ನಾಲ್ಕ್ ಹೆಣ್ಣಿಂದೈತೆ, ಹಾಕು.”