ಗಂಟೆಗೋಪುರದಲ್ಲಿ ಹನ್ನೊಂದು ಮಂದಿ

ಏಣಿಯನ್ನು ಮೇಲಕ್ಕೆಳೆದುಕೊಂಡಾಗ ಇಗರ್ಜಿಯ ಗಂಟೆಗೋಪುರದಲ್ಲಿ ಹನ್ನೊಂದು ಮಂದಿ ಇದ್ದರು. ಗಂಡಸೆಂದರೆ ಕುಂಟ ಪಾದ್ರಿಯೊಬ್ಬನೇ. ಬ್ರೂನಾ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕಿಂಡಿಯಿಂದ ಬಗ್ಗಿ ನೋಡಿದಳು. ಹಿಂದಿನ ವಾರ ವೈರಿ ಇಂಗ್ಲಿಷರ ದಂಡು ಕತ್ತಿ ತೋರಿಸಿ ಊರಿನ ಧಾನ್ಯವನ್ನೆಲ್ಲ ಹೊತ್ತೊಯ್ದಿತ್ತು. ವೈರಿಗೆ ಧಾನ್ಯ ಬಿಟ್ಟುಕೊಟ್ಟದ್ದೇ ದ್ರೋಹವೆಂದ ದೊರೆ, ಊರನ್ನು ಜನರ ಸಮೇತ ಸುಟ್ಟುಬರಲು ತನ್ನ ಕುದುರೆ ಸರದಾರ, ನೈಟ್ ಗೋಲ್ಫಿಯೆಯನ್ನು ಕಳಿಸಿದ್ದ. ಜೊತೆಗೆ ಇಪ್ಪತ್ತು ಮಂದಿ ಬಾಡಿಗೆ ಸಿಪಾಯಿಗಳು.

ಕೆಳಗೆ ನಿಂತಿದ್ದ ಗೋಲ್ಫಿಯೆ ಹೊರಗಿನವನಲ್ಲ. ನೈಟ್ ಪದವಿ ಪಡೆದ ದಿನ ಇದೇ ಇಗರ್ಜಿಯಲ್ಲಿ ಮೊಣಕಾಲೂರಿ, ವಿಧವೆಯರನ್ನೂ ಅನಾಥರನ್ನೂ ಕಾಯುತ್ತೇನೆಂದು ಆಣೆ ಮಾಡಿದ್ದ.

"ಧಣಿ, ಅವತ್ತು ಮೇಣದಬತ್ತಿ ಹಿಡ್ಕೊಂಡು ಪಕ್ಕದಲ್ಲಿ ನಿಂತಿದ್ದವಳು ನಾನೇ," ಎಂದು ಬ್ರೂನಾ ಕೂಗಿದಳು. "ಈಗ ನಾನೂ ವಿಧವೆ."

ಅವನು ತಲೆಯೆತ್ತಿದ. ಮುಖ ಬಿಳಿಚಿಕೊಂಡಿತ್ತು. "ಗೊತ್ತು ಬ್ರೂನಾ. ಆದ್ರೆ ದೊರೆ ಕೈಯಲ್ಲಿ ಕೈಯಿಟ್ಟೂ ಮಾತು ಕೊಟ್ಟಿದೀನಿ. ಅದನ್ನ ಮುರಿದ್ರೆ ನಾನು ಯಾರೂ ಅಲ್ಲ. ಪ್ರಾರ್ಥನೆ ಮುಗಿಸ್ಕೊಳ್ಳಿ. ಅಲ್ಲೀವರೆಗೂ ಬೆಂಕಿ ಇಡಲ್ಲ."

ಕೊಟ್ಟ ಮಾತಿನಂತೆ ಅವನು ಮುಂಬಾಗಿಲ ಎದುರು ಕಾದು ನಿಂತ. ಸಿಪಾಯಿಗಳು ಗೋಡೆಯ ಸುತ್ತ ಹುಲ್ಲು ಒಟ್ಟತೊಡಗಿದರು. ಹಿಂಬದಿಯಲ್ಲಿದ್ದ ಹೆನ್ನೆಕಿನ್ ಎಂಬ ಸಿಪಾಯಿ ಮೆಲ್ಲಗೆ ಕರೆದ.

"ಏ ತಾಯಿ, ಮೇಲೆ ಬೆಳ್ಳಿಗಿಳ್ಳಿ ಇದ್ಯಾ?"

"ಪೂಜೆ ಬಟ್ಟಲಿದೆ."

"ಎಸಿ. ಹೊಗೆ ಎದ್ದಾಗ ಗಂಟೆ ಹಗ್ಗ ಈ ಕಡೆ ಬಿಟ್ಟು ಇಳೀರಿ. ಇಲ್ಲಿ ನಾನೊಬ್ನೇ ಇರ್ತೀನಿ."

"ಇಳಿದ್ಮೇಲೆ ಕೊಡ್ತೀವಿ."

"ಹಾಗಾದ್ರೆ ಅಲ್ಲೇ ಬೇಯಿರಿ," ಎಂದು ಅವನು ಮತ್ತೆ ಹುಲ್ಲಿಗೆ ಬಗ್ಗಿದ.

"ಅದು ದೇವರದು ಕಣೇ," ಎಂದು ಪಾದ್ರಿ ಬಟ್ಟಲನ್ನು ಎದೆಗವಚಿಕೊಂಡ. ಬ್ರೂನಾ ಕಿತ್ತುಕೊಂಡು ಕೆಳಗೆಸೆದಳು. ಹೆನ್ನೆಕಿನ್ ಅದನ್ನು ಅಂಗಿಯೊಳಗೆ ಸೇರಿಸಿ, ತಿರುಗಿಯೂ ನೋಡದೆ ಹೊರಟುಹೋದ. ಅವಳು ಗಂಟೆಯ ಹಗ್ಗವನ್ನು ಹಿಂಬದಿಯ ಕಿಂಡಿಗೆ ಎಳೆದು ತಂದಳು. ಯಾರೂ ಅವಳ ಮುಖ ನೋಡಲಿಲ್ಲ.

ಮೇಲಿನ ಪ್ರಾರ್ಥನೆ ನಿಂತ ಮೇಲೆ ಬೆಂಕಿ ಚಟಪಟ ಎಂದಿತು. ಹಿಂಬದಿಯ ಹುಲ್ಲು ಹಸಿಯಾಗಿತ್ತು. ಉರಿಗಿಂತ ಹೊಗೆಯೇ ಹೆಚ್ಚು. ಕಣ್ಣು ಕಾಣದೆ ಅವರು ಒಬ್ಬೊಬ್ಬರಾಗಿ ಹಗ್ಗ ಹಿಡಿದು ಇಳಿದರು. ಕೆಳಗೆ ಎರಡು ಒರಟು ಕೈಗಳು ಬ್ರೂನಾಳ ಸೊಂಟ ಹಿಡಿದವು. ಅವಳು ಒದೆಯಲು ಕಾಲೆತ್ತಿದಳು. ಹೆನ್ನೆಕಿನ್. ಕೊನೆಗೆ ಇಳಿದ ಪಾದ್ರಿಯ ಕೈ ಜಾರಿತು. ಬಿದ್ದವನು ಏಳಲಿಲ್ಲ.

"ಬಿಡು ಅವನ್ನ. ಓಡಿ."

"ಧಣಿಗೆ ಗೊತ್ತಾದ್ರೆ?"

"ಅದಕ್ಕೇ ದೂರ ಹೋಗು ಅನ್ನೋದು. ನೀನು ಕೊಟ್ಟೆ, ನಾನು ಮಾಡ್ದೆ. ನಾಳೆ ನಿನ್ನ ಹಿಡ್ಕೊಂಡು ಬಾ ಅಂತ ಅವನು ಕೊಟ್ರೆ, ಬರೋನೂ ನಾನೇ."

ಅವನು ತಮಾಷೆ ಮಾಡುತ್ತಿರಲಿಲ್ಲ.

ಜರಿಗಿಡಗಳ ಮರೆಯಲ್ಲಿ ತೆವಳುವಾಗ ಗೋಪುರ ಕುಸಿದ ಸದ್ದಾಯಿತು. ಅದರ ಹಿಂದೆಯೇ ಗೋಲ್ಫಿಯೆಯ ದನಿ. ಸತ್ತವರ ಆತ್ಮಕ್ಕೆ ಶಾಂತಿ ಕೋರುತ್ತಿದ್ದ. ಬಿಕ್ಕುತ್ತ, ಒಬ್ಬೊಬ್ಬರ ಹೆಸರನ್ನೂ ತಪ್ಪಿಲ್ಲದೆ ಹೇಳುತ್ತಿದ್ದ. ತನ್ನ ಹೆಸರು ಬಂದಾಗ ಬ್ರೂನಾ ಕೂಸಿನ ಬಾಯಿ ಮುಚ್ಚಿ, ಉಸಿರು ಬಿಗಿಹಿಡಿದು ನೆಲಕ್ಕೆ ಅಂಟಿಕೊಂಡಳು.